ಊರಿಗೆ ಕೊಡದ ಮುರುಗಲು

ಬ್ಯಾಕೋಡಿನ ಮೂಕಮ್ಮ ಹನ್ನೊಂದು ವರ್ಷದಿಂದ ಸಾಗರದ ಮಹಿಳಾ ಸಂಘಕ್ಕೆ ಹುಳಿ ಶರಬತ್ತಿಗೆ ಬಳಸುವ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿ ಕೊಡುತ್ತಾಳೆ. ಈ ಸಲದ ಸಭೆಯಲ್ಲಿ ಕಾರ್ಯದರ್ಶಿ ಭವ್ಯಾ ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದಳು. ಸಂಘದ ಮುರುಗಲು ನ್ಯಾಯಬೆಲೆಗೆ ಯಾವ ದೇಶದಲ್ಲಿ ಎಷ್ಟು ಮಾರಾಟವಾಗಿದೆ ಎಂದು ಅದರಲ್ಲಿ ಉದ್ದುದ್ದ ಕಂಬಗಳಿದ್ದವು.

"ನ್ಯಾಯಬೆಲೆ ಅಂದ್ರೆ ಜರ್ಮನಿಯವ್ರೂ ರೇಷನ್ ಕ್ಯೂನಲ್ಲಿ ನಿಲ್ತಾರಾ?" ಎಂದು ಸರೋಜ ಕೇಳಿದಾಗ ಎಲ್ಲರೂ ನಕ್ಕರು.

"ಅಲ್ಲ ಸರೋಜಕ್ಕ, ಬೆಳೆದೋರಿಗೆ ಮೋಸ ಆಗದ ಬೆಲೆ," ಎಂದ ಭವ್ಯಾ, ಜರ್ಮನಿ, ಬ್ರಿಟನ್, ಜಪಾನ್ ದಾಟಿ ಕೊನೆಯ ಹೆಸರಿನ ಮೇಲೆ ಬೆರಳಿಟ್ಟಳು. ಅಲ್ಲಿ ಕಂಬವೇ ಇರಲಿಲ್ಲ. "ಇದು ನಮ್ದೇ ದೇಶ. ಇಲ್ಲಿ ಯಾರಾದ್ರೂ ಕೇಳಿದ್ರಾ?"

ಮೂಕಮ್ಮನ ನಗು ನಿಂತಿತು. ಹಿನ್ನೀರು ದಾಟಲು ಸಿಗಂದೂರಿನ ಲಾಂಚಿಗೆ ಕಾಯುವ ಭಕ್ತರಿಗೆ ಶರಬತ್ತು ಮಾರುತ್ತಿದ್ದ ಕನ್ನಪ್ಪ ಮೂರು ಬೇಸಿಗೆ ಅವಳ ಬಾಗಿಲಿಗೆ ಬಂದಿದ್ದ.

"ಅಕ್ಕಾ, ಸಂಘದ ಬೆಲೆನೇ ಕೊಡ್ತೀನಿ. ಐದು ಕೆ.ಜಿ. ಸಾಕು."

"ಒಳ್ಳೇ ಮಾಲೆಲ್ಲ ಫಾರಿನ್ನಿಗೆ ಕಣೋ. ನಿನ್ನ ಲಾಂಚಿನ ಜನಕ್ಕೆ ಬಣ್ಣದ ನೀರಾದ್ರೂ ಅಡ್ಡಿಲ್ಲ," ಎಂದು ಅವಳು ಮೂರು ಸಲವೂ ತಮಾಷೆ ಮಾಡಿ ಕಳಿಸಿದ್ದಳು.

"ಕನ್ನಪ್ಪ ಕೇಳಿದ್ದ," ಎಂದಳು ಮೆಲ್ಲಗೆ.

"ಅವ್ರ ನಂಬರ್ ಕೊಡಿ ಮೂಕಮ್ಮ, ಇವತ್ತೇ ಮಾತಾಡ್ತೀನಿ."

"ಸೇತುವೆ ಆದ್ಮೇಲೆ ಲಾಂಚಿಗೆ ಕಾಯೋರೇ ಇಲ್ಲ. ಅವ್ನ ಅಂಗಡಿ ಮುಚ್ಚಿಹೋಯ್ತು. ಇದ್ದಾಗ ಕೊಡ್ಬಹುದಿತ್ತು ನಾನು."