ಹುಸೇನಮ್ಮನ ಮಗಳು ಯಾವ ಕಾಲಂಗೂ ಬರಲಿಲ್ಲ

ಸನತ್‌ನಗರದ ಕನ್ನಡದವರಲ್ಲಿ ಅರ್ಜಿ ತುಂಬುವುದಕ್ಕೆ ನನ್ನನ್ನು ಮೀರಿಸಿದವರಿಲ್ಲ. ಇದು ನಾನೇ ಹಬ್ಬಿಸಿದ ಸುದ್ದಿ. ಈ ತೆಲುಗು ಶಹರದ ಪಂಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿರುವವನಿಗೆ ಹೇಳಿಕೊಳ್ಳಲು ಇನ್ನೇನಿರುತ್ತದೆ? ಆ ಸುದ್ದಿಯನ್ನು ನಂಬಿ ಏಪ್ರಿಲ್‌ನಲ್ಲಿ ಹುಸೇನಮ್ಮ ಮಗಳ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದಳು.

ನಮ್ಮ ಗಲ್ಲಿಯ ಹಿಂದೆ ಎದ್ದಿರುವ ಹತ್ತಂತಸ್ತಿನ ಕಟ್ಟಡಕ್ಕೆ ಇಟ್ಟಿಗೆ ಹೊತ್ತವಳು ಆಕೆ. ಊರು ಸುರಪುರದ ಹತ್ತಿರ. ಗಂಡ ಮಾಣಿಕಪ್ಪ ನಾಲ್ಕು ವರ್ಷದ ಹಿಂದೆ ಇಂಥದ್ದೇ ಒಂದು ಕಟ್ಟಡದ ಐದನೇ ಅಂತಸ್ತಿನಿಂದ ಬಿದ್ದು ಸತ್ತ. ಮಗಳು ಪಿಂಕಿ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ್ದಳು. ಲೆಕ್ಕ, ಪದ್ಯ ಎಲ್ಲ ತೆಲುಗಿನಲ್ಲಿ. ಅವ್ವನ ಜೊತೆ ಜಗಳ ಮಾತ್ರ ಕನ್ನಡದಲ್ಲಿ.

"ಬಿಲ್ಡಿಂಗ್ ಮುಗೀತ್ರಿ ಸರ. ಜೂನ್‌ದಾಗ ಮೇಸ್ತ್ರಿ ನಮ್ಮನ್ನ ಊರ ಹೊರಗ ಒಯ್ತಾನ. ಅಲ್ಲಿ ಸಮೀಪ ಸಾಲಿ ಇಲ್ಲ. ಸರ್ಕಾರದ ಹಾಸ್ಟೆಲ್ ಸಾಲ್ಯಾಗ ಐದನೇತ್ತಕ್ಕ ಸೀಟ್ ಕೊಡ್ತಾರಂತ. ಅಲ್ಲಿ ಸೇರಿದ್ರ ಇಕಿ ಓದ್ತಾಳ. ಇಲ್ಲಾಂದ್ರ ನನ್ನ ಹಿಂದ ಬುಟ್ಟಿ ಹಿಡ್ಕೊಂಡು ಬರ್ತಾಳ. ಹಾಕ್ರಿ ಅರ್ಜಿ."

ಹಾಕಿದೆ. ಒಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ಮೊಬೈಲು. ಆ ಸೀಟು ದುರ್ಬಲ ವರ್ಗದ ಮಕ್ಕಳಿಗೆ ಮೀಸಲು. ದುರ್ಬಲರು ಯಾರು ಎಂಬುದಕ್ಕೆ ಪಟ್ಟಿ ಇದೆ, ಅದರಲ್ಲಿ ಒಂದನ್ನು ಒತ್ತಬೇಕು. ತಾಯಿಯ ಹೆಸರು ಹುಸೇನಮ್ಮ ಎಂದು ಬರೆದ ಬೆರಳು ತಾನಾಗಿಯೇ 'ಮುಸ್ಲಿಂ ಅಲ್ಪಸಂಖ್ಯಾತ' ಎಂಬುದನ್ನು ಒತ್ತಿಬಿಟ್ಟಿತು. ಎದುರಿಗೇ ಕೂತಿದ್ದವಳನ್ನು ಒಂದು ಮಾತು ಕೇಳಲಿಲ್ಲ.

ನಾನು ಹುಟ್ಟಿದ್ದು ಲಿಂಗಸೂಗೂರಿನಲ್ಲಿ. ಮೊಹರಂ ಬಂದರೆ ಹಿಂದೂ ಮುಸ್ಲಿಂ ಎನ್ನದೆ ನಮ್ಮ ಓಣಿಯವರೆಲ್ಲ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಿದ್ದರು. ಮಕ್ಕಳಾಗದವರು ಹರಕೆ ಹೊತ್ತು, ಹುಟ್ಟಿದ ಕೂಸಿಗೆ ಹುಸೇನಪ್ಪ, ಹುಸೇನಮ್ಮ ಎಂದು ಹೆಸರಿಡುತ್ತಿದ್ದರು. ವಿಭೂತಿ ಹಚ್ಚಿಕೊಳ್ಳುವ ಮೂವರು ಹುಸೇನಪ್ಪಂದಿರ ಹೆಗಲ ಮೇಲೆ ಕೂತು ಬೆಳೆದವನು ನಾನು. ಅಂಥವನು ಹೆಸರು ನೋಡಿ ಜಾತಿ ಕಟ್ಟಿದೆ. ನನಗಿಂತ ದೊಡ್ಡ ಪೆದ್ದ ಈ ಶಹರದಲ್ಲಿ ಇನ್ನೊಬ್ಬನಿದ್ದರೆ ಅವನನ್ನು ಭೇಟಿಯಾಗುವ ಆಸೆ ನನಗಿದೆ.

ಅಲ್ಪಸಂಖ್ಯಾತರೆಂಬುದಕ್ಕೆ ದಾಖಲೆ ಇಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಹುಸೇನಮ್ಮನ ಜಾತಿ ಪತ್ರ ಹಿಡಿದು ನಾಂಪಲ್ಲಿ ಕಡೆಯ ಕಚೇರಿಗೆ ಇಬ್ಬರೂ ಓಡಿದೆವು. ಕೌಂಟರಿನ ಗುಮಾಸ್ತನ ಹೆಸರು ಪರಮೇಶ. ಅವನು ತೆಲುಗಿನಲ್ಲಿ ಮಾತಾಡಿದ; ಹುಸೇನಮ್ಮನಿಗೆ ಎಲ್ಲವೂ ತಿಳಿಯುತ್ತಿತ್ತು, ಆಕೆಯ ಕನ್ನಡ ಅವನಿಗೂ ತಿಳಿಯುತ್ತಿತ್ತು.

"ತಪ್ಪು ನನ್ನದು, ತಿದ್ದಿಬಿಡಿ," ಎಂದೆ.

"ತಿದ್ದೋ ಗಡುವು ನಿನ್ನೆಗೇ ಮುಗೀತು. ತಿದ್ದಿದ್ರೂ ಉಪಯೋಗ ಇಲ್ಲ ಸರ್. ಈ ಜಾತಿ ಪತ್ರ ಕರ್ನಾಟಕದ್ದು. ಅಲ್ಲಿ ಇವರು ಪರಿಶಿಷ್ಟ ಜಾತಿ. ಇಲ್ಲಿ ಲೆಕ್ಕಕ್ಕಿಲ್ಲ."

"ಗಡಿ ದಾಟಿದ್ರೆ ಜಾತಿ ಹೋಗುತ್ತಾ? ಹಾಗಿದ್ರೆ ದೇಶದವರನ್ನೆಲ್ಲ ಒಂದು ಸಲ ದಾಟಿಸೋಣ."

ಅವನು ನಗಲಿಲ್ಲ. ಹುಸೇನಮ್ಮನೂ ನಗಲಿಲ್ಲ. ನಾನು ಬೇರೆ ದಾರಿ ಹುಡುಕಿದೆ.

"ಬಡವರು ಅಂತ ಕೊಡೋಕಾಗಲ್ವಾ?"

"ಇಲ್ಲಿನ ಆದಾಯ ಪತ್ರ ಬೇಕು. ಅದಕ್ಕೆ ಇಲ್ಲಿನ ರೇಷನ್ ಕಾರ್ಡು ಬೇಕು."

ಕಾರ್ಡು ಸುರಪುರದಲ್ಲಿತ್ತು. ಇಟ್ಟಿಗೆ ಹೊರುವಾಗ ಅದನ್ನು ಯಾರೂ ಕೇಳಿರಲಿಲ್ಲ.

"ತಂದೆ ಇಲ್ಲದ ಮಗು, ಪರಮೇಶ್."

"ಅನಾಥ ಅಂದ್ರೆ ಇಬ್ಬರೂ ಇರಬಾರದು ಸರ್. ತಾಯಿ ಇದ್ದಾರಲ್ಲ."

ಹುಸೇನಮ್ಮ ಕೌಂಟರಿನ ಮೇಲೆ ಕೈಯಿಟ್ಟಳು. "ಅಂದ್ರ, ನಾ ಸತ್ರ ಸೀಟ್ ಸಿಗ್ತೈತೇನ್ರಿ?"

ಅವನು ಕಂಪ್ಯೂಟರ್ ಕಡೆ ತಿರುಗಿದ. "ಹಾಗಲ್ಲಮ್ಮ... ರೂಲ್ ಇರೋದು ಹಾಗೆ."

"ನನ್ನ ಗಂಡ ಬಿದ್ದಾಗ ಕಂಟ್ರಾಕ್ಟರ್ ಅಂದ, ಅಂವ ನಮ್ಮ ಆಳಲ್ಲ ಅಂತ. ಈಗ ನೀವು ಅಂತೀರಿ, ಇಕಿ ನಮ್ಮ ಬಡವಿ ಅಲ್ಲ ಅಂತ. ಆತು. ನನ್ನ ಕೂಸಿಗೆ ಯಾವ ತ್ರಾಸೂ ಇಲ್ಲ ಅಂತ ಬರ್ದು, ಸಿಕ್ಕಾ ಹೊಡ್ದು ಕೊಡ್ರಿ. ನಾ ಹೋಗ್ತೀನಿ."

"ಹಾಗೆ ಬರೆದು ಕೊಡೋ ಪದ್ಧತಿ ಇಲ್ಲಮ್ಮ."

ಹುಸೇನಮ್ಮ ಅಲ್ಲೇ ನೆಲದ ಮೇಲೆ ಕೂತಳು. ಹಿಂದಿನ ಸಾಲು ಗೊಣಗಿತು. ಕಾವಲಿನವನು ಬಂದು ಎಬ್ಬಿಸಲು ನೋಡಿದ. "ಮುಟ್ಟು ನೋಡ್ತೀನಿ," ಎಂದಳು. ಅವನು ಹಿಂದೆ ಸರಿದ. ನನಗೂ ಹಿಂದೆ ಸರಿದು ಬಸ್ಸು ಹತ್ತುವ ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ.

"ಸರ, ಎಲ್ಲಿ ನೋಡಾಕತ್ತೀರಿ? ಅವ್ರು ಬರೀಲಿಲ್ಲಂದ್ರ ನೀವು ಬರೀರಿ. ಮೊದಲ ನಿಮ್ಮ ತಪ್ಪು ಬರೀರಿ."

ಬಿಳಿ ಹಾಳೆ ಕೊಂಡು ತಂದೆ. ಮೊದಲ ಸಾಲಿನಲ್ಲಿ ನನ್ನ ತಪ್ಪು ಬರೆದು ಸಹಿ ಹಾಕಿದೆ. ಉಳಿದದ್ದು ಆಕೆ ಹೇಳಿದಂತೆ, ತೆಲುಗಿನಲ್ಲಿ: ನಾನು ಸುರಪುರದಲ್ಲಿ ಪರಿಶಿಷ್ಟ ಜಾತಿ, ಇಲ್ಲಿ ಅಲ್ಲವಂತೆ. ಗಂಡನನ್ನು ಈ ಊರು ನುಂಗಿದೆ, ಆದರೂ ನಾನು ಈ ಊರವಳಲ್ಲವಂತೆ. ಬದುಕಿದ್ದೇನೆ, ಅದಕ್ಕೆ ಮಗಳಿಗೆ ಸೀಟು ಇಲ್ಲವಂತೆ. ಸರಿಯೋ ತಪ್ಪೋ, ಸಾಹೇಬರು ಸಹಿ ಮಾಡಿ ತಿಳಿಸಬೇಕು.

ನನ್ನ ಧಾಟಿಯಲ್ಲಿ ಬರೆದಿದ್ದರೆ ಇದನ್ನೇ 'ವಿನಮ್ರ ವಿನಂತಿ' ಎಂದು ಮೂರು ಪುಟ ಎಳೆಯುತ್ತಿದ್ದೆ. ಪರಮೇಶ ಓದಿದ. ಎರಡನೇ ಸಲ ಓದಿದ. ಸ್ವೀಕೃತಿಯ ಮೊಹರು ಒತ್ತಿ ಕೊಟ್ಟ. ಅವನ ಕೈಯಲ್ಲಿ ಇದ್ದದ್ದು ಅದೊಂದೇ.

ಜೂನ್ ಹನ್ನೆರಡಕ್ಕೆ ಶಾಲೆಗಳು ತೆರೆದವು. ಅದಕ್ಕೆ ಮೂರು ದಿನ ಮೊದಲೇ ಮೇಸ್ತ್ರಿಯ ಲಾರಿ ಬಂದು ತಾಯಿ ಮಗಳನ್ನು ಒಯ್ದಿತ್ತು. ಈಗ ಸೋಮವಾರಕ್ಕೊಮ್ಮೆ ಹುಸೇನಮ್ಮ ಫೋನ್ ಮಾಡುತ್ತಾಳೆ. "ಸಾಹೇಬ್ರು ಏನಂದ್ರು ಸರ?"

"ಪರಿಶೀಲನೆಯಲ್ಲಿ ಐತಂತವ್ವ."

"ಹೋಗ್ರಿ, ಮತ್ತ ಹೋಗ್ರಿ. ನೀವು ಒತ್ತಿದ್ದು, ನೀವೇ ಹೋಗ್ರಿ."

ಹೋಗುತ್ತಿದ್ದೇನೆ, ನಾಲ್ಕು ಸಲ ಆಯಿತು. ಊರ ಹೊರಗಿನ ಹೊಸ ಕಟ್ಟಡದಲ್ಲಿ ಪಿಂಕಿಗೆ ಕೆಲಸ ಸಿಕ್ಕಿದೆ, ಇಟ್ಟಿಗೆ ಹೊರುವ ಹೆಂಗಸರ ಐದು ಕೂಸುಗಳನ್ನು ನೋಡಿಕೊಳ್ಳುವುದು. ಅದಕ್ಕೆ ಯಾರೂ ಜಾತಿ ಪತ್ರ ಕೇಳಲಿಲ್ಲ, ಆದಾಯ ಪತ್ರ ಕೇಳಲಿಲ್ಲ, ತಾಯಿ ಇದ್ದಾಳೋ ಇಲ್ಲವೋ ಎಂದೂ ಕೇಳಲಿಲ್ಲ.