ಜೇನಿನ ಬೂದಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ಜೇನು ಸೊಸೈಟಿಯ ಕೆಮಿಸ್ಟರು ಜೇನನ್ನು ಎಂದೂ ನಾಲಗೆಗೆ ತಾಗಿಸುತ್ತಿರಲಿಲ್ಲ. ಬಟ್ಟಲಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಕಲಸಿ, ಔಷಧದ ಹನಿ ಬಿಟ್ಟು, ಕನ್ನಡಕ ಹಣೆಗೇರಿಸಿ ನೋಡುವರು. "ಊರಿನ ಮಣ್ಣು ಬೂದೀಲಿ ಕೂತಿರ್ತದೆ" ಎನ್ನುವುದು ಅವರ ನಿತ್ಯದ ಮಾತು.

ಒಮ್ಮೆ ಅಧ್ಯಕ್ಷರೇ ನಾಪೋಕ್ಲಿನ ತಮ್ಮ ತೋಟದ ಜೇನು ತಂದರು. ಔಷಧದ ಹನಿ ಬಿದ್ದ ಬೂದಿನೀರು ಹಾಲಿನಂತೆ ಬೆಳ್ಳಗಾಯಿತು.

"ಇಷ್ಟು ಉಪ್ಪು ನಮ್ಮ ಮಣ್ಣಲ್ಲಿಲ್ಲ ಸಾರ್. ಮಳೇಲಿ ಜೇನುಹುಳಕ್ಕೆ ಏನು ಕೊಟ್ರಿ?" ಎಂದರು ಕೆಮಿಸ್ಟರು.

"ಬೆಲ್ಲದ ಪಾಕ. ಎಲ್ಲರೂ ಕೊಡ್ತಾರಲ್ಲ!"

"ಎಲ್ಲೀದು ಬೆಲ್ಲ?"

"ಮಂಡ್ಯದ್ದು. ಈಗೆಲ್ಲ ಒಂದೇ ರಾಜ್ಯ ಅಲ್ವೇನ್ರೀ?"

ಕೆಮಿಸ್ಟರು ಕನ್ನಡಕ ಇಳಿಸಿದರು.

"ರಾಜ್ಯ ಒಂದಾಯ್ತು ಸಾರ್. ಮಣ್ಣು ಒಂದಾಗಿಲ್ಲ."

'ಕೊಡಗಿನ ಜೇನು' ಚೀಟಿ ಅಂಟಿಸಲು ಕಾದಿದ್ದ ನಾನು ಗೋಂದಿನ ಬಾಟಲಿ ಮುಚ್ಚಿದೆ.