ಕೊನೆಯ ಮನೆ ನೋಡಿ ಬಂದ ನೀಲವ್ವ ವೈನಿ

ನಂಬುವುದಿದ್ದರೆ ನಂಬಿ, ಇಲ್ಲದಿದ್ದರೆ ಪುಟ ತಿರುವಿ, ನನಗೇನೂ ಬೇಜಾರಿಲ್ಲ. ನಮ್ಮ ನೀಲವ್ವ ವೈನಿ ತಾನು ಸಾಯಬೇಕಾದ ಮನೆಯನ್ನು ತಾನೇ ಬಸ್ಸು ಹತ್ತಿ ಹೋಗಿ ನೋಡಿದಳು. ಹಿತ್ತಲಿಗೆ ಹೋದಳು, ಬಚ್ಚಲು ನೋಡಿದಳು, ದಿಂಬು ಮೂಸಿದಳು, ಕೊಟ್ಟ ಅವಲಕ್ಕಿ ತಿಂದು ಚಹಾ ಕುಡಿದು ‘ವಿಚಾರ ಮಾಡಿ ತಿಳಸ್ತೇವಿ’ ಎಂದು ಹೇಳಿ ಎದ್ದು ಬಂದಳು. ಜೊತೆಗೆ ಹೋದ ಹಿರಿಯ ಮನುಷ್ಯ ನಾನು, ಪಕ್ಕೀರ. ನನ್ನನ್ನು ಹಿರಿಯ ಮನುಷ್ಯ ಎಂದರೆ ನಗುವವರು ನಮ್ಮ ಹಳ್ಳಿ ಇಂದೂರಿನಲ್ಲಿ ಇನ್ನೂ ಇದ್ದಾರೆ. ಪಂಚರು ಕಟ್ಟೆಯ ಮೇಲೆ ನ್ಯಾಯ ಮಾಡುತ್ತಿದ್ದಾಗ ಕೆಳಗೆ ಅವರ ಚಪ್ಪಲಿಗಳನ್ನು ಅದಲುಬದಲು ಮಾಡಿದವನು, ಮಾಸ್ತರರ ಸೈಕಲ್ಲನ್ನು ಹುಣಸೆಮರಕ್ಕೆ ಏರಿಸಿದವನು, ಮಳಗಿ ಎಂಬ ಊರಿನ ನಾಟಕದಲ್ಲಿ ಸತ್ತುಬಿದ್ದ ಮೇಲೆ ಜನ ಒನ್ಸ್ ಮೋರ್ ಕೂಗಿದ್ದಕ್ಕೆ ಎದ್ದು ಮತ್ತೊಮ್ಮೆ ಸತ್ತವನು ನಾನು. ಎರಡನೆಯ ಸಾವು ಮೊದಲನೆಯದಕ್ಕಿಂತ ಚೆನ್ನಾಗಿತ್ತು ಎಂದು ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಬೇಗ ತೀರಿಕೊಂಡ. ವೈನಿ ಎತ್ತರದ ಆಳು, ಹಣೆಯ ಮೇಲೆ ಅಡ್ಡ ವಿಭೂತಿ, ಈ ಬದುವಿನ ಮೇಲೆ ನಿಂತು ಮಾತಾಡಿದರೆ ಆಚೆ ಹೊಲದವರು ‘ಓ’ ಎನ್ನಬೇಕು ಅಂಥ ದನಿ. ನಮ್ಮವರಲ್ಲಿ ಹುಡುಗಿಯನ್ನು ಕೊಡುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋಗಿ ನೋಡಿ ಬರುತ್ತಾರೆ. ಗಂಡಸರು ಹೋದರೆ ಹೊಲ ಎಷ್ಟು, ಎತ್ತು ಎಂಥವು ಎಂದು ಕೇಳಿ, ಹೊಟ್ಟೆ ತುಂಬ ತಿಂದು, ಒಪ್ಪಿ ಬರುತ್ತಾರೆ. ಹಾಗಾಗಿ ಇಂದೂರಿನಲ್ಲಿ ಯಾರ ಮನೆಯ ಹುಡುಗಿಯಾಗಲಿ, ಮನೆ ನೋಡುವುದಕ್ಕೆ ನೀಲವ್ವ ಹೋಗಲೇಬೇಕು ಎಂಬುದು ರೂಢಿಯಾಗಿತ್ತು. ಆಕೆ ಅಂಗಳದಲ್ಲಿ ಚಪ್ಪಲಿಯನ್ನು ಬೀದಿಯ ಕಡೆ ಮುಖ ಮಾಡಿ ಬಿಡುತ್ತಿದ್ದಳು. “ಯಾಕ ವೈನಿ ಹಿಂಗ?” ಎಂದು ಒಮ್ಮೆ ಕೇಳಿದೆ. “ಮನಿ ಬ್ಯಾಡಾತಂದ್ರ ಅವರ ಬಾಗಲದಾಗ ಹೊಳ್ಳಿ ನಿಂತು ಚಪ್ಪಲಿ ಹುಡಕೂದು ಚಂದ ಕಾಣತೈತೇನು? ಮೆಟ್ಟಿದ್ನೆಪಾ, ನಡದ್ನೆಪಾ.”

ಹಳಿಯಾಳದ ಒಬ್ಬ ಸಾಹುಕಾರರ ಮನೆಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಹೊಳೆಯುವ ನೆಲ, ಗೋಡೆಗೆ ದೊಡ್ಡ ಗಡಿಯಾರ, ತಟ್ಟೆಯಲ್ಲಿ ಬೇಸನ್ ಉಂಡಿ. ಹುಡುಗಿಯ ಅಪ್ಪ ಆಗಲೇ ಅರ್ಧ ಬೀಗನಾಗಿಬಿಟ್ಟಿದ್ದ. ವೈನಿ ಹಿತ್ತಲೆಲ್ಲ ಅಡ್ಡಾಡಿ ಬಂದು ಕುಳಿತು ಸಾಹುಕಾರರಿಗೆ ಕೇಳಿದಳು.

“ಎಲ್ಲಾ ಚಲೋ ಐತ್ರಿ ಸಾವ್ಕಾರ್ರ. ನಿಮ್ಮ ಮನ್ಯಾಗ ಕೊರತಿ ಏನೈತಿ, ಅದೊಂದು ಹೇಳಿಬಿಡ್ರಿ.”

“ನಮ್ಮನ್ಯಾಗ ಕೊರತೀನ? ದೇವರು ಯಾವುದಕ್ಕೂ ಕಮ್ಮಿ ಮಾಡಿಲ್ಲ ನೋಡವಾ ತಂಗಿ.”

ವೈನಿ ಎಲೆ ಅಡಿಕೆಯ ತಟ್ಟೆ ಮುಟ್ಟದೆ ಎದ್ದಳು. ಬಸ್ಸಿನಲ್ಲಿ ಹುಡುಗಿಯ ಅಪ್ಪ ಸಿಟ್ಟಿನಿಂದ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದ. ವೈನಿ ಅವನ ಬೆನ್ನಿಗೆ ಹೇಳಿದಳು: “ಕೊರತಿ ಇಲ್ಲದ ಮನ್ಯಾಗ ನಾಳೆ ಹಾಲು ಒಡದ್ರೂ, ಕೂಸು ಬಿದ್ರೂ, ಕೊರತಿ ಹೊರಗಿಂದ ಬಂದಾಕಿದು ಅಂತಾರ. ನಿನ್ನ ಮಗಳದು.” ಅವನು ತಿರುಗಲಿಲ್ಲ. ಆದರೆ ಕೊಡಲೂ ಇಲ್ಲ. ಮುಂದೆ ಅದೇ ಹುಡುಗಿಗೆ ಮಳಗಿಯಲ್ಲಿ ಒಂದು ಮನೆ ನೋಡಿದೆವು. ಅಲ್ಲಿ ಅತ್ತೆಯಾಗುವವಳು, “ನಮ್ಮ ಯಜಮಾನರಿಗೆ ಸಿಟ್ಟು ಬಾಳ, ಅಡಗಿಮನಿ ಸೋರತೈತಿ, ನನಗ ಕಿವಿ ಮಂದ. ಒದರಿ ಮಾತಾಡಬೇಕು” ಎಂದಳು. ವೈನಿ ಅಲ್ಲೇ ಎಲೆಗೆ ಸುಣ್ಣ ಹಚ್ಚಿದಳು.

ತಮಾಷೆ ಏನೆಂದರೆ, ವೈನಿಯನ್ನು ನಮ್ಮ ಮನೆಗೆ ಕೊಡುವಾಗ ಯಾರೂ ಮನೆ ನೋಡಿರಲಿಲ್ಲ. ಆಕೆಯ ಅಪ್ಪ ಜಾತ್ರೆಯಲ್ಲಿ ಎತ್ತಿನ ವ್ಯಾಪಾರದ ನಡುವೆ ಮಾತು ಕೊಟ್ಟು ಬಂದಿದ್ದ. ನೋಡಿದ್ದರೆ ಆಕೆ ಖಂಡಿತ ಬರುತ್ತಿರಲಿಲ್ಲ. ನಮ್ಮಪ್ಪನ ಬಡಿಗೆ, ನಮ್ಮಜ್ಜಿಯ ಬಾಯಿ, ಇವೆಲ್ಲದರ ಮೇಲೆ ನಾನು.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ವರ್ಷಗಳಾಗಿದ್ದವು. ವೈನಿಯ ಹೊಟ್ಟೆಯಲ್ಲಿ ಕ್ಯಾನ್ಸರು ಎಂದು ಗೊತ್ತಾಗುವ ಹೊತ್ತಿಗೆ ಅದು ಹರಡಿತ್ತು. ಹುಬ್ಬಳ್ಳಿಯ ಡಾಕ್ಟರು ಆಕೆಯ ಮಗ ಮಾಂತೇಶನನ್ನು ಪಕ್ಕಕ್ಕೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಬಯಸಿದ್ದು ತಿನ್ನಿಸಿ ಎಂದರು. ಮಾಂತೇಶ ಹೊರಗೆ ಬಂದು, “ಏನಿಲ್ಲವಾ, ಬರೇ ಗ್ಯಾಸು ಅಂದ್ರು” ಎಂದ. ವೈನಿ ನನ್ನ ಕಡೆ ನೋಡಿದಳು. ಜೀವಮಾನವಿಡೀ ಸುಳ್ಳು ಹೇಳಿದವನಿಗೆ ಆ ಒಂದು ಸುಳ್ಳು ಹೇಳಲಾಗಲಿಲ್ಲ. “ಗ್ಯಾಸಲ್ಲ ವೈನಿ” ಎಂದೆ.

ಮನೆಯಲ್ಲಿ ನೋವು ಶುರುವಾಯಿತು. ಗುಳಿಗೆಗಳು ನಾಟುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ನೋವು ನೋಡಲು ಬರುವವರದ್ದು. ಬಂದವರೆಲ್ಲ ಹೊಸ್ತಿಲಲ್ಲೇ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಬರುವರು. “ದೇವರಿಚ್ಛಾ ನೀಲವ್ವಾ” ಎಂದಳು ಒಬ್ಬಳು. “ದೇವರಿಚ್ಛಾ ಆತು. ನನ್ನಿಚ್ಛಾ ಏನು ಅಂತ ಯಾರರ ಕೇಳೀರೇನು?” ಎಂದಳು ವೈನಿ.

ದಾಂಡೇಲಿಯ ಅಂಬೇವಾಡಿ ಕಡೆ, ಗುಣವಾಗದ ರೋಗಿಗಳನ್ನು ಇಟ್ಟುಕೊಂಡು ಕೊನೆಯವರೆಗೆ ನೋಡಿಕೊಳ್ಳುವ ಒಂದು ಮನೆ ಇದೆ, ಅಲ್ಲಿ ನೋವು ಕಡಿಮೆ ಮಾಡುವ ಬಲವಾದ ಔಷಧ ಕೊಡುತ್ತಾರೆ ಎಂದು ಸುದ್ದಿ ತಂದವನು ನಾನೇ. ಮಾಂತೇಶ ಕೆಂಡವಾದ. “ಕಾಕಾ, ಚಾಷ್ಟಿಗೆ ಒಂದು ಮಿತಿ ಇರ್ಲಿ. ಹೆತ್ತವ್ವನ್ನ ಹೊರಗ ಹಾಕಿ ಬರ್ಲೇನು?” ಊರ ಹಿರಿಯರು ಕಟ್ಟೆಯ ಮೇಲೆ ತೀರ್ಪು ಕೊಟ್ಟರು: ಜೀವ ಹೋಗುವುದು ಮನೆಯ ಹೊಸ್ತಿಲೊಳಗೇ ಆಗಬೇಕು. ವೈನಿ ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದು ಕಟ್ಟೆಗೆ ಕೇಳುವ ಹಾಗೆ ಹೇಳಿದಳು.

“ಹುಟ್ಟಿದ್ದು ಅಪ್ಪ ಕಟ್ಟಿಸಿದ ಮನ್ಯಾಗ. ಬಾಳಿದ್ದು ಅಪ್ಪ ಕೊಟ್ಟ ಮನ್ಯಾಗ. ಸಾಯೂದರ ನಾ ನೋಡಿದ ಮನ್ಯಾಗ ಸಾಯ್ತೇನಿ. ಪಕ್ಕೀರಾ, ಧೋತರಾ ಬದಲಿ ಮಾಡು. ಮನಿ ನೋಡಾಕ ಹೋಗೂಣು.”

ಅಂಬೇವಾಡಿಯ ಆ ಮನೆ ಹಂಚು ಹೊದಿಸಿದ ಹಳೆಯ ಬಂಗಲೆ. ಉಸ್ತುವಾರಿಗೆ ಇದ್ದವಳು ಪ್ರೇಮಾ ಸಿಸ್ಟರ್, ಜೋಯಿಡಾ ಕಡೆಯ ಕೊಂಕಣಿ ಮಾತಿನ ಗಟ್ಟಿ ಹೆಂಗಸು. ಆಕೆ ಒಳಗೆ ಕೆಲಸದಲ್ಲಿದ್ದಳು. ನಾವು ಬಂದದ್ದು ಇನ್ನೂ ಗೊತ್ತಿರಲಿಲ್ಲ. ವೈನಿ ಖಾಲಿ ಮಂಚ ತೋರಿಸಿ ಪಿಸುಗುಟ್ಟಿದಳು: “ಅಡ್ಡಾಗು. ನರಳು. ಯಾರು ಬರ್ತಾರ, ಹೆಂಗ ಬರ್ತಾರ ನೋಡೂಣು.”

ಇಂಥ ಪಾತ್ರಕ್ಕಾಗಿಯೇ ನಾನು ಹುಟ್ಟಿದ್ದು. ಮಲಗಿ, ಕಣ್ಣು ಮೇಲೆ ಮಾಡಿ, ಮಳಗಿಯಲ್ಲೂ ಕೊಡದ ನರಳಿಕೆ ಕೊಟ್ಟೆ. ಪ್ರೇಮಾ ಸಿಸ್ಟರ್ ಬಂದಳು. ಓಡಿ ಬರಲಿಲ್ಲ, ಕೂಗಾಡಲಿಲ್ಲ, ಯಾರಪ್ಪಾ ನೀನು ಎಂದೂ ಕೇಳಲಿಲ್ಲ. ಸ್ಟೂಲು ಎಳೆದು ಪಕ್ಕದಲ್ಲಿ ಕುಳಿತು ನನ್ನ ಹಣೆಯ ಮೇಲೆ ಕೈ ಇಟ್ಟಳು. “ಎಲ್ಲಿ ನೋವು?” ಎಂದಳು. ಹೊಟ್ಟೆ ತೋರಿಸಿದೆ. ಒತ್ತಿದಳು. ನನಗೆ ಕಚಗುಳಿ ಬಹಳ, ನಕ್ಕುಬಿಟ್ಟೆ.

“ಏಳಿ ಕಾಕಾ,” ಎಂದಳು. “ನೀವು ಇನ್ನೂ ಇಪ್ಪತ್ತು ವರ್ಷ ಜನರ ತಲೆ ತಿಂತೀರಿ. ಯಾರದು ಈ ನಾಟಕ?”

“ನಂದು,” ಎಂದಳು ವೈನಿ. “ಹೆಣ್ಣೂ ನಾನ, ಮನಿ ನೋಡಾಕ ಬಂದಾಕೀನೂ ನಾನ. ನೀ ಮೊದಲ ಕುಂತಿ, ಆಮ್ಯಾಲ ಕೇಳಿದಿ. ಅಷ್ಟು ಚಲೋ ಆತು. ಹಿತ್ತಲಾ ತೋರಸು.”

ಪ್ರೇಮಾ ಸಿಸ್ಟರ್ ಮುಖ ಬಿಗಿದುಕೊಂಡಳು. ತನ್ನ ಕೆಲಸವನ್ನು ಹೀಗೆ ಯಾರೂ ತೂಗಿ ನೋಡಿರಲಿಲ್ಲವಂತೆ. ಆದರೂ ತೋರಿಸಿದಳು. ವೈನಿ ಹಗ್ಗದ ಮೇಲಿನ ಚಾದರಗಳನ್ನು ಉಜ್ಜಿ ನೋಡಿದಳು, ಬಚ್ಚಲಲ್ಲಿ ಹಿಡಿದುಕೊಳ್ಳಲು ಹಾಕಿದ ಕಟ್ಟಿಗೆ ಗಟ್ಟಿ ಇದೆಯೇ ಎಂದು ಜಗ್ಗಿ ನೋಡಿದಳು. ಹಾಸಿಗೆ ಹಿಡಿದ ಒಬ್ಬ ಮುದುಕಿಯ ಕಿವಿಯಲ್ಲಿ, “ಇವರು ಬೈತಾರೇನವಾ?” ಎಂದು ಕೇಳಿದಳು. ಮುದುಕಿ, “ಔಷಧ ಉಗುಳಿದ್ರ ಬೈತಾರ” ಎಂದಳು. “ಬೈಲಿ,” ಎಂದಳು ವೈನಿ, “ಬೈಯೋರೂ ಇಲ್ಲದ ಜಾಗಾ ಸುಡಗಾಡು.”

ಅವಲಕ್ಕಿ ಬಂತು, ಚಹಾ ಬಂತು. ಆಮೇಲೆ ಆ ಪ್ರಶ್ನೆ ಬಂತು.

“ಎಲ್ಲಾ ಬರೋಬರಿ ಐತಿ ತಂಗಿ. ನಿಮ್ಮಲ್ಲಿ ಕೊರತಿ ಏನು, ಹೇಳು.”

ಪ್ರೇಮಾ ಸಿಸ್ಟರ್ ಚಹಾದ ಲೋಟ ಕೆಳಗಿಟ್ಟಳು. “ನೋವಿನ ಔಷಧ ಹೊರಗಿಂದ ಬರಬೇಕು. ಅದಕ್ಕೆ ಪರವಾನಗಿ, ಸಹಿ, ಕಾಗದ. ಒಮ್ಮೊಮ್ಮೆ ತಪ್ತದೆ.”

“ತಪ್ಪಿದ್ರ?”

“ಒದರತಾರೆ.”

“ಆವಾಗ ನೀ ಎಲ್ಲಿರ್ತಿ?”

“ಇಲ್ಲೇ. ಎಲ್ಲಿ ಹೋಗ್ಲಿ? ನನಗೇ ಬೈತಾರೆ. ಬೈಸ್ಕೊಳ್ತೇನೆ.” ಆಮೇಲೆ ಆಕೆಯೂ ಸೆಟೆದು ಕೇಳಿದಳು: “ನಾವೂ ಹೆಣ್ಣು ನೋಡಬೇಕಲ್ಲ. ನಿಮ್ಮ ಕೊರತೆ ಏನು?”

“ನನ್ನ ಬಾಯಿ,” ಎಂದಳು ವೈನಿ. ಇಬ್ಬರೂ ಮೊದಲ ಸಲ ನಕ್ಕರು.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ. “ಅಲ್ಲ ವೈನಿ, ಔಷಧಕ್ಕಂತ ಅಲ್ಲಿಗೆ ಹೋಗೂದು. ಅದ ತಪ್ಪತೈತಿ ಅಂತ ಅಕಿನ ಬಾಯಿಬಿಟ್ಟು ಹೇಳಿದ್ಲು. ಮತ್ತ ನೀ ಒಪ್ಪಿದಂಗ ಕಾಣತೈತಲ್ಲ?”

“ಹುಬ್ಬಳ್ಯಾಗ ಅಷ್ಟು ದೊಡ್ಡ ದವಾಖಾನಿ, ನನ್ನ ಮಾರಿ ನೋಡಿ ಖರೇ ಮಾತು ಯಾರು ಹೇಳಿದ್ರು? ಈಕಿ ಹೇಳಿದ್ಲು. ತ್ರಾಸು ಆದಾಗ ತ್ರಾಸು ಐತಿ ಅಂತ ಅನ್ನೋರ ನಡುವ ಇರತೇನಿ. ಗ್ಯಾಸು ಅನ್ನೋರ ನಡುವ ಸಾಕಾತು.”

ವಾರದೊಳಗೆ ಗಂಟು ಕಟ್ಟಿದಳು. ಅಲ್ಲಿಗೆ ಹೋದ ಮೇಲೂ ಪರೀಕ್ಷೆ ನಿಲ್ಲಲಿಲ್ಲ. ಔಷಧ ನಾಟಿತು, ಬಹಳ ದಿನಗಳ ಮೇಲೆ ನಿದ್ದೆ ಮಾಡಿದಳು, ಎದ್ದು ಜಗಳ ತೆಗೆದಳು. ಅಡುಗೆಯವಳೂ ಜೋಯಿಡಾದವಳು, ಅನ್ನ ಬೇಯಿಸುವ ಕೈ. ಅವಳು ಬಡಿದ ಜೋಳದ ರೊಟ್ಟಿ ಭೂಪಟದ ಹಾಗೆ ಬರುತ್ತಿತ್ತು. ವೈನಿ ಮಂಚದ ಮೇಲಿಂದಲೇ ಸಪ್ಪಳ ಕೇಳಿ ತಿದ್ದುತ್ತಿದ್ದಳು. “ಹಿಟ್ಟು ಇನ್ನೂ ನಾದು. ಬಡಿಯೂ ಸಪ್ಪಳ ಹಸಿ ಐತಿ.” ನಾನು ಹೋದಾಗಲೆಲ್ಲ ವರದಿ ಒಪ್ಪಿಸುತ್ತಿದ್ದಳು: “ಊಟ ಸುಮಾರು. ಸೊಳ್ಳಿ ಬಾಳ. ಸುಳ್ಳು ಇಲ್ಲ.” ಅಳಲು ಬಂದ ಇಂದೂರಿನವರಿಗೆ ನಿಂಬೆಹುಳಿ ಪೆಪ್ಪರಮೆಂಟು ಕೊಟ್ಟು, ಬಾಯಲ್ಲಿ ಅದು ಇರುವವರೆಗೆ ಕೂಡಬೇಕು, ಕರಗಿದ ಮೇಲೆ ಏಳಬೇಕು ಎಂದು ಕಾನೂನು ಮಾಡಿದ್ದಳು. ಅದನ್ನು ತಂದುಕೊಟ್ಟವನು ನಾನು. ಪೆಪ್ಪರಮೆಂಟು ಬಾಯಲ್ಲಿಟ್ಟುಕೊಂಡು ಗಟ್ಟಿಯಾಗಿ ಅಳುವುದು ಕಷ್ಟ, ಬೇಕಾದರೆ ಮಾಡಿ ನೋಡಿ.

ನಾನು ಆಕೆಯನ್ನು ಮಾತಾಡಿಸಿದ ಕೊನೆಯ ದಿನ ಮಾಂತೇಶ ಜೀಪು ತಂದಿದ್ದ. ಆ ದಿನ ಔಷಧ ಹೊತ್ತಿಗೆ ಸರಿಯಾಗಿ ಬಂದಿತ್ತು. ವೈನಿ ದಿಂಬಿಗೆ ಒರಗಿ ಕಾಲು ಚಾಚಿ ಆರಾಮಾಗಿ ಕುಳಿತಿದ್ದಳು. ಪ್ರೇಮಾ ಸಿಸ್ಟರ್ ಪಕ್ಕದಲ್ಲಿದ್ದಳು. ಮಾಂತೇಶ ಒಳಗೆ ಬಂದವನೇ ತಾಯಿಯ ಕಾಲು ಹಿಡಿದುಕೊಂಡ.

“ಯವ್ವಾ, ನಡಿ. ಹುಬ್ಬಳ್ಳಿಗರ ಹೋಗೂಣು, ಮನಿಗರ ಹೋಗೂಣು. ಮಂದಿ ನನಗ ಊರಾಗ ಮಾರಿ ಎತ್ತಲಾರದಂಗ ಮಾಡ್ಯಾರ. ತಾಯಿನ್ನ ಹೊರಗ ಹಾಕ್ಯಾನ ಅಂತಾರ.”

“ನೀ ಹಾಕಿಲ್ಲ. ನಾ ಬಂದೇನಿ. ಊರ ಅಗಸಿ ಮುಂದ ನಿಂತು ಹೇಳು, ನಮ್ಮವ್ವ ಈ ವಯಸ್ಸಿನ್ಯಾಗ ಓಡಿ ಹೋದ್ಲು ಅಂತ.”

“ಚಾಷ್ಟಿ ಬ್ಯಾಡ. ನಿನ್ನ ಇಲ್ಲಿ ಬಿಟ್ಟು ನಾ ಉಣ್ಣಲಿ ಹೆಂಗ?”

“ಕೂಡ್ರು. ಇಲ್ಲೇ ಉಣ್ಣು. ರೊಟ್ಟಿ ಈಗ ದುಂಡಗ ಬರಾಕತ್ತಾವ.”

“ಬರ್ತಿಯೋ ಇಲ್ಲೋ?”

“ಇಲ್ಲ.”

ಅಷ್ಟೇ. ಮಾಂತೇಶ ಹೊರಗೆ ಹೋಗಿ ಡ್ರೈವರನಿಗೆ ಏನೋ ಹೇಳಿ ಜೀಪು ಕಳಿಸಿ, ಒಬ್ಬನೇ ಒಳಗೆ ಬಂದು ತಾಯಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡ. ಮೂರನೆಯ ದಿನ ಬೆಳಿಗ್ಗೆ, ಅವನ ಕೈಯನ್ನು ಹಿಡಿದುಕೊಂಡೇ ವೈನಿ ಹೋದಳು. ಇಂದೂರಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಕಟ್ಟೆಯ ಹಿರಿಯರು ಬಂದು, ಪುಣ್ಯವಂತೆ, ಮಗನ ಕೈಯಲ್ಲಿ ಹೋದಳು ಎಂದರು. ಹೊಸ್ತಿಲಿನ ಮಾತು ಯಾರೂ ತೆಗೆಯಲಿಲ್ಲ. ಪ್ರೇಮಾ ಸಿಸ್ಟರ್ ಬಂದಿದ್ದಳು. ಊರಿನ ಹೆಂಗಸರು ಅವಳು ಯಾವ ಕಡೆಯ ಸಂಬಂಧ ಎಂದು ಕೇಳಿದರು. ‘ಬೀಗರ ಪೈಕಿ’ ಎಂದೆ. ಅದನ್ನು ಅವರು ಈಗಲೂ ನಂಬಿದ್ದಾರೆ.

ನಿಮಗೆ ಮಾತ್ರ ನಿಜ ಹೇಳಿಬಿಡುತ್ತೇನೆ. ಇಷ್ಟರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ ಒಂದು. ಮಳಗಿಯಲ್ಲಿ ಎರಡು ಸಲ ಸತ್ತದ್ದು ಎಂದುಕೊಂಡಿರೇನೋ; ಅದು ಖರೆ, ಬೇಕಾದರೆ ಹೋಗಿ ಕೇಳಿ. ಜೀಪು ಬಂದ ದಿನ ಔಷಧ ಬಂದಿತ್ತು, ಕಾಲು ಚಾಚಿ ಆರಾಮಾಗಿ ಕುಳಿತಿದ್ದಳು ಎಂದು ಬರೆದೆನಲ್ಲ, ಅದು ನನ್ನದು. ಬರೆಯುವಾಗಲಾದರೂ ಆಕೆಗೆ ಆ ದಿನದ ಔಷಧ ಕೊಡೋಣ ಅನ್ನಿಸಿತು. ಅದು ಬಂದಿರಲಿಲ್ಲ, ಹಿಂದಿನ ದಿನವೂ ಬಂದಿರಲಿಲ್ಲ. ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು; ಒದರಿ ಒದರಿ ದನಿ ಬಿದ್ದಿತ್ತು. ಓಡಿ ಹೋದಳು ಅನ್ನು ಎಂದದ್ದು, ರೊಟ್ಟಿ ಉಣ್ಣು ಎಂದದ್ದು ಎಲ್ಲ ಹಾಗೆಯೇ ಮಲಗಿಕೊಂಡು, ನಡುನಡುವೆ ಸೆರಗು ಕಚ್ಚಿಕೊಂಡು. ಜೀಪಿನ ಬಾಗಿಲು ತೆರೆದೇ ಇತ್ತು. ‘ಇಲ್ಲ’ ಎಂದದ್ದು ಆ ನೋವಿನೊಳಗಿನಿಂದ.